ಹೆಸರಿಲ್ಲದ ಮೂರು ಹಾಳೆ

ಅಂಚೆ ಡಬ್ಬಿಯ ಬಾಯಿಗೆ ಕಾರ್ಡು ತುರುಕಿದ ಮೇಲೂ ಕೊಟ್ರಯ್ಯನ ಸಿಟ್ಟು ಇಳಿಯಲಿಲ್ಲ. ಬೇಕೆಂದೇ ಕಾರ್ಡು ಬರೆದಿದ್ದ. ಲಕೋಟೆಯಾದರೆ ಬಳ್ಳಾರಿಯ ಕಾಲೇಜಿನ ಆ ವಿರುಪಾಕ್ಷಪ್ಪ ಒಬ್ಬನೇ ಓದಿ ಹರಿದು ಹಾಕುತ್ತಾನೆ. ಕಾರ್ಡಾದರೆ ಅಂಚೆಯವನು ಓದುತ್ತಾನೆ, ಕಾಲೇಜಿನ ಜವಾನ ಓದುತ್ತಾನೆ, ಜವಾನ ಓದಿದ್ದು ಊರೇ ಓದಿದ ಹಾಗೆ. ಓದಲಿ! ‘ಹೆಸರು ಮುಚ್ಚಿಕೊಂಡು ಕೆಸರು ಎರಚಿದರೆ ಎರಚಿದ ಕೈ ಯಾರದೆಂದು ತಿಳಿಯುವುದಿಲ್ಲವೆಂದು ಭಾವಿಸಿದ್ದೀರಾ? ತಾವು ಬಿ.ಎ. ಓದಿದ ಹೇಡಿಗಳು’ ಎಂದು ಬರೆದಿದ್ದ. ಹೇಡಿ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದ. ಚಿತ್ತವಾಡ್ಗಿಯಿಂದ ಹೊಸಪೇಟೆಯ ಅಂಚೆ ಕಚೇರಿಯವರೆಗೆ ನಡೆದು ಬರುವಾಗ ಆ ಎರಡು ಗೆರೆ ನೆನೆದು ನೆನೆದು ಹೆಜ್ಜೆ ಜೋರಾಗಿತ್ತು. ಈಗ ಡಬ್ಬಿಯ ಮುಂದೆ ಖಾಲಿ ಕೈಯಲ್ಲಿ ನಿಂತಾಗ, ಮೂರು ಗೆರೆ ಎಳೆಯಬೇಕಿತ್ತು ಅನಿಸಿತು.

ಬೆಳಿಗ್ಗೆ ಕಾರ್ಡು ಬರೆಯುವಾಗ ಹೆಂಡತಿ ನೀಲಗಂಗಮ್ಮ ಜೋಳದ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. "ಹೆಸರಿಲ್ಲದ ಕಾಗದಕ್ಕ ನೀವ ಹೆಸರಿಟ್ಟು ಬೈತೀರಲ್ರಿ. ಅಂವನ ಅಂತ ಹೆಂಗ ಗೊತ್ತು?" ಅಂದಳು. "ಅಂವ ಅಲ್ಲದ ಇನ್ಯಾರು? ನಿನಗೇನು ತಿಳೀತದ, ರೊಟ್ಟಿ ಬಡಿ ಹೋಗು" ಎಂದು ಗದರಿದ್ದ. ಅವಳು ಹೋಗಿ ರೊಟ್ಟಿ ಬಡಿದಳು. ಆ ಬಡಿತದ ಸದ್ದಿನಲ್ಲಿ ಅವಳ ಉತ್ತರವಿತ್ತು. ಬೇಕಂತಲೇ ಜೋರಾಗಿ ಬಡಿದಿದ್ದಳು, ಬ್ಯಾಡ ಅಂದರೂ ಕೇಳುವಷ್ಟು.

ಮದರಾಸಿನಲ್ಲಿ ಅಚ್ಚಾಗುವ ಇತಿಹಾಸದ ತ್ರೈಮಾಸಿಕಕ್ಕೆ ಶಾಸನವೊಂದರ ಲೇಖನ ಕಳಿಸಿ ಹನ್ನೊಂದು ತಿಂಗಳಾಗಿತ್ತು. ಅಲ್ಲಿಯ ಕ್ರಮವೇ ಹಾಗೆ. ಬಂದ ಲೇಖನವನ್ನು ಸಂಪಾದಕರ ಗುಮಾಸ್ತ ಬೇರೆ ಹಾಳೆಯಲ್ಲಿ ನಕಲು ಮಾಡುತ್ತಾನೆ, ಬರೆದವನ ಹೆಸರು ಬಿಟ್ಟು. ಆ ನಕಲು ಇಬ್ಬರು ಪರಿಶೀಲಕರಿಗೆ ಹೋಗುತ್ತದೆ. ಅವರು ತೂಗಿ ನೋಡಿ ಅಭಿಪ್ರಾಯ ಬರೆಯುತ್ತಾರೆ. ಅದನ್ನೂ ಗುಮಾಸ್ತ ನಕಲು ಮಾಡಿ, ಸಹಿ ಬಿಟ್ಟು, ಬರೆದವನಿಗೆ ಕಳಿಸುತ್ತಾನೆ. ಬರೆದವನು ಯಾರೆಂದು ತೂಗಿದವನಿಗೆ ಗೊತ್ತಿಲ್ಲ, ತೂಗಿದವನು ಯಾರೆಂದು ಬರೆದವನಿಗೆ ಗೊತ್ತಿಲ್ಲ. ಇದರಿಂದ ದಾಕ್ಷಿಣ್ಯವಿಲ್ಲದ ನ್ಯಾಯ ಸಿಗುತ್ತದಂತೆ. ನ್ಯಾಯವಂತೆ! ಅವನ ಲಕೋಟೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಒಂದು ಒಂದೇ ಸಾಲಿನದು: ‘ಪ್ರಕಟಣೆಗೆ ಅಡ್ಡಿಯಿಲ್ಲ.’ ಇನ್ನೊಂದು ಮೂರು ಹಾಳೆಯದು. ಅದರ ಕೊನೆಯ ಮಾತು ಅವನಿಗೆ ಬಾಯಿಪಾಠವಾಗಿತ್ತು. ‘ಲೇಖಕರು ಹೇಳಿದ ಸ್ಥಳಕ್ಕೆ ನಾನು ಹೋಗಿ ನೋಡಿದೆ. ತೂಬಿನ ಬಳಿ ಶಾಸನದ ಕಲ್ಲು ಯಾವುದೂ ಇಲ್ಲ. ಎಂದೂ ಇರಲಿಲ್ಲವೆಂದು ಸ್ಥಳೀಯರು ಹೇಳುತ್ತಾರೆ. ಪಡಿಯಚ್ಚು ಸ್ವಚ್ಛವಾಗಿದೆ, ಆದರೆ ಅದು ಯಾವ ಕಲ್ಲಿನದೆಂದು ನಾನು ಹೇಳಲಾರೆ.’ ಯಾವ ಕಲ್ಲಿನದು ಅಂದರೆ? ಮೂರು ದಿನ ಮೊಣಕಾಲೂರಿ ಕೂತು, ಹೆಂಗಸರು ವರ್ಷಗಟ್ಟಲೆ ಬಳಿದ ಸುಣ್ಣವನ್ನು ತೆಂಗಿನ ನಾರಿನಿಂದ ಉಜ್ಜಿ, ಒದ್ದೆ ಕಾಗದ ಹಾಸಿ ಕುಂಚದಿಂದ ಬಡಿದು, ಮಸಿ ಹಚ್ಚಿ ಎತ್ತಿದ ಪಡಿಯಚ್ಚದು. ಕಾಗದ ಕಲ್ಲಿನಿಂದ ಸುಲಿದು ಬಂದಾಗ ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಎದ್ದಿದ್ದನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂದಿತ್ತು. ಕಳ್ಳ ಅಂದರಲ್ಲ ಅವನನ್ನು. ಮಾತು ಮೆತ್ತಗಿದೆ, ಅರ್ಥ ಅದೇ.

ಸಂಪಾದಕರ ಕಾಗದ ಇನ್ನೂ ಚುಟುಕು. ತಿಂಗಳೊಳಗೆ, ಕಲ್ಲನ್ನು ಕಣ್ಣಾರೆ ಕಂಡ ಗೌರವಸ್ಥರೊಬ್ಬರ ಸಹಿಯಿರುವ ಪತ್ರ ಬರಬೇಕು. ಬಾರದಿದ್ದರೆ ಲೇಖನ ತಿರಸ್ಕೃತ. ಮುಂದೆ ಈ ಲೇಖಕರ ಯಾವ ಬರಹವನ್ನೂ ನೋಡಲಾಗುವುದಿಲ್ಲ. ಇಪ್ಪತ್ತೆರಡು ವರ್ಷ ಹೊಲ, ಗುಡ್ಡ, ಹಾಳುಗುಡಿ ಸುತ್ತಿದ್ದು ಒಂದು ಸಾಲಿನಲ್ಲಿ ಮುಗಿಯಿತು. ಅದಾದರೂ ಗುಟ್ಟಾಗಿ ಮುಗಿದಿದ್ದರೆ ಆಗುತ್ತಿತ್ತು. ಲಕೋಟೆ ಸ್ಕೂಲಿನ ವಿಳಾಸಕ್ಕೆ ಬಂದಿತ್ತು. ಹೆಡ್ ಮಾಸ್ತರ ಉಜ್ಜಿನಪ್ಪನವರು ಸರ್ಕಾರಿ ಕಾಗದವೆಂದು ಒಡೆದರು, ಅಲ್ಲವೆಂದು ತಿಳಿದ ಮೇಲೂ ಓದಿದರು, ಓದಿದ್ದು ಸಾಲದೆಂದು ಮಾಸ್ತರರ ಕೋಣೆಯಲ್ಲಿ ಎಲ್ಲರೆದುರು ಕೇಳಿದರು: "ಏನ್ರೀ ಕೊಟ್ರಯ್ನೋರ, ಇಲ್ಲದ ಕಲ್ಲು ಓದೀರಂತಲ್ಲ?" ತೆಲುಗು ಪಂಡಿತರು ನಶ್ಯದ ಕೈಯನ್ನು ಮೂಗಿನ ಹತ್ತಿರವೇ ನಿಲ್ಲಿಸಿ ನಕ್ಕರು. ಮಧ್ಯಾಹ್ನ ಆರನೇ ಕ್ಲಾಸಿನ ಕರಿಹಲಗೆಯ ಮೇಲೆ ಯಾರೋ ಒಂದು ಚೌಕ ಬರೆದು ಒಳಗೆ ಏನೂ ಬರೆಯದೆ ಬಿಟ್ಟಿದ್ದರು. ಅದನ್ನು ಒರೆಸದೇ ಅವನು ಗಣಿತ ಹೇಳಿಕೊಟ್ಟ. ಒರೆಸಿದ್ದರೆ ಸೋತ ಹಾಗಾಗುತ್ತಿತ್ತು.

ಗೌರವಸ್ಥರ ಸಹಿ ತಾನೆ? ಅದೇ ಉಜ್ಜಿನಪ್ಪನವರನ್ನೇ ಕರೆದುಕೊಂಡು ಹೋಗಿ ಅದೇ ಕಲ್ಲಿನ ಮುಂದೆ ನಿಲ್ಲಿಸುತ್ತೇನೆ ಎಂದು ಆಗಲೇ ನಿಶ್ಚಯಿಸಿದ್ದ. ಕಲ್ಲು ಎಲ್ಲಿಗೆ ಹೋಗುತ್ತದೆ? ಕಾಲುವೆಯ ನೀರಗಂಟಿ ಮೂಕಣ್ಣನಿಗೆ ಜೋಪಾನ ಮಾಡು ಎಂದು ಹೇಳಿ ಬಂದಿದ್ದ. ಆ ವಿರುಪಾಕ್ಷಪ್ಪ ಬಳ್ಳಾರಿಯ ಪಂಖದ ಕೆಳಗೆ ಕೂತು ‘ಹೋಗಿ ನೋಡಿದೆ’ ಎಂದು ಬರೆದಿದ್ದಾನೆ. ಹೋಗಿದ್ದರೆ ತಾನೆ ಕಾಣುವುದು! ಕೂತಲ್ಲೇ ಕೂತು ಸ್ಥಳ ನೋಡುವವರ ಜಾತಿ ಅವನಿಗೆ ಗೊತ್ತು. ಚೆನ್ನಾಗಿ ಗೊತ್ತು. ಯಾಕೆ ಅಷ್ಟು ಚೆನ್ನಾಗಿ ಗೊತ್ತು ಎಂಬಲ್ಲಿಗೆ ಬಂದು ಮನಸ್ಸು ಎಡವಿತು, ಅವನು ಅಂಚೆ ಕಚೇರಿಯ ಮುಂದೆ ಕಾದಿದ್ದ ಜಟಕಾದವನ ಮೇಲೆ ರೇಗಿದ: "ಏ, ಎಷ್ಟೊತ್ತಲೇ, ಹೂಡೋ ಜಲ್ದಿ!"

ಉಜ್ಜಿನಪ್ಪನವರು ಭಾನುವಾರದ ಎಣ್ಣೆನೀರು ಬಿಟ್ಟು ಬಂದಿದ್ದನ್ನು ಹಂಪಿಯ ಹಾದಿಯುದ್ದಕ್ಕೂ ಹೇಳಿದರು. ಎಡಬಲಕ್ಕೆ ಕಬ್ಬು, ಬಾಳೆ, ಅದರಾಚೆ ಬಂಡೆಗಳು. "ಅಲ್ರೀ, ನಾಕು ವರ್ಷದ ಹಿಂದ ನೀವೂ ಯಾರದೋ ಲೇಖನಕ್ಕ ಅಭಿಪ್ರಾಯ ಬರದಿದ್ರಲ್ಲ? ಅವತ್ತ ಮುದ್ರಿ ಒತ್ತಿದ ಲಕೋಟಿ ತಂದು ಎಲ್ಲರಿಗೂ ತೋರಿಸಿದ್ರಿ" ಅಂದರು. ತೋರಿಸಿದ್ದು ನಿಜ. ಕೊಟ್ರಯ್ಯ ಹಾದಿಯ ಕಡೆ ಮುಖ ತಿರುಗಿಸಿದ. ಕಂಪ್ಲಿಯ ಲೇಖನ. ಹೆಸರಿಲ್ಲದ ಯಾರೋ ಒಬ್ಬ ಕಂಪ್ಲಿ ಕೋಟೆಯ ಹಿಂದೆ ಮಣ್ಣಲ್ಲಿ ಹೂತುಹೋದ ಬಾಗಿಲೊಂದನ್ನು ಕಂಡಿದ್ದೇನೆ ಎಂದು ಬರೆದಿದ್ದ. ಎಷ್ಟು ಮೊಳ ಅಗಲ, ಎಷ್ಟು ಎತ್ತರ, ಕೆತ್ತನೆಯ ಪಟ್ಟಿಕೆಯ ಮೇಲೆ ಎಷ್ಟು ಹಂಸ, ಎಲ್ಲ ಎಣಿಸಿ ಬರೆದಿದ್ದ. ಎಣಿಸಿದವನ ಸಂಭ್ರಮ ಗುಮಾಸ್ತನ ನಕಲಿನಲ್ಲೂ ಗೊತ್ತಾಗುತ್ತಿತ್ತು. ಆಗ ಚೈತ್ರದ ಬಿಸಿಲು, ಪರೀಕ್ಷೆಯ ಪೇಪರಿನ ಕಟ್ಟು ಎದುರಿಗಿತ್ತು, ಕಂಪ್ಲಿಗೆ ಗಾಡಿಯಲ್ಲಿ ಹೋಗಿ ಬರಲು ಎರಡು ದಿನ. ಕೊಟ್ರಯ್ಯ ಮನೆಯ ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು ಬರೆದ: ‘ಕಂಪ್ಲಿ ಕೋಟೆಯಲ್ಲಿ ಇಂಥ ಬಾಗಿಲಿದ್ದರೆ ಇಷ್ಟರೊಳಗೆ ಬಲ್ಲವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಲೇಖಕರು ಸ್ಥಳ ನೋಡಿದಂತಿಲ್ಲ.’ ಆ ಕೊನೆಯ ವಾಕ್ಯ ಅವನಿಗೆ ಭಾಳ ಹಿಡಿಸಿತ್ತು. ನೀಲಗಂಗಮ್ಮನಿಗೆ ಓದಿ ಹೇಳಿದ್ದ. "ನೀವು ನೋಡೀರೇನು?" ಎಂದು ಅವಳು ಕೇಳಿದ್ದಳು. ಅವಳಿಗೆ ಬೇರೆ ಕೆಲಸವಿಲ್ಲ. ಆ ಲೇಖನ ಅಚ್ಚಾಗಲಿಲ್ಲ.

ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ಬೇರೆ, ಇದು ಬೇರೆ. ಅವನದು ಅನುಭವದ ಮಾತು, ಇವರದು ಹೊಟ್ಟೆಕಿಚ್ಚು. ಕಳೆದ ಮಾಘದಲ್ಲಿ ಬಳ್ಳಾರಿಯ ಸಭೆಯಲ್ಲಿ ಅವನು ಈ ಕಲ್ಲಿನ ಸುದ್ದಿ ಎತ್ತಿದಾಗ, ಮುಂದಿನ ಸಾಲಿನಿಂದ ವಿರುಪಾಕ್ಷಪ್ಪ ಕನ್ನಡಕ ಒರೆಸುತ್ತಾ, "ಕಲ್ಲು ನಿಖರವಾಗಿ ಎಲ್ಲಿದೆ ಅಂದ್ರಿ?" ಎಂದು ಕೇಳಿದ್ದ. ಮೂವತ್ತು ದಾಟದ ಹುಡುಗ. ಕೇಳಿದ ರೀತಿಯಲ್ಲೇ ಕಳ್ಳತನವಿತ್ತು. ಕೊಟ್ರಯ್ಯ ಉತ್ತರ ನುಂಗಿಕೊಂಡು, ಮರುದಿನ ಬೆಳಗಿನ ಗಾಡಿಗೇ ಹಿಂದಿರುಗಿ, ಮನೆಗೂ ಹೋಗದೆ ಸೀದಾ ಕಾಲುವೆಗೆ ನಡೆದಿದ್ದ.

ಜಟಕಾ ಕಡ್ಡಿರಾಂಪುರ ದಾಟಿ ಕಾಲುವೆಯ ಏರಿಯ ಹತ್ತಿರ ನಿಂತಿತು. ಅಲ್ಲಿಂದ ಸಣ್ಣ ಕವಲು ಗದ್ದೆಗೆ ಹೊರಳುತ್ತದೆ, ಆ ಹೊರಳಿನಲ್ಲಿ ತೂಬು, ತೂಬಿನ ಬಲಕ್ಕೆ ಹೊಂಗೆಯ ಮರ, ಮರದ ಬೊಡ್ಡೆಗೆ ಆತುಕೊಂಡು ಎದೆಮಟ್ಟದ ಕಲ್ಲು. ಕೊಟ್ರಯ್ಯ ಹಾಗೆಂದು ಹೇಳುತ್ತಲೇ, ಕವಲಿನ ಮೇಲೆ ಹಾಸಿದ್ದ ಚಪ್ಪಡಿ ದಾಟಿ ಮುಂದೆ ಮುಂದೆ ನಡೆದ. ತೂಬಿತ್ತು. ಹೊಂಗೆಯ ಮರವಿತ್ತು. ಬೊಡ್ಡೆಗೆ ಆತುಕೊಂಡು ಒಂದು ಆಡು ನಿಂತಿತ್ತು. ಕಲ್ಲಿದ್ದಲ್ಲಿ ಮೊಳದುದ್ದ ಗರಿಕೆ ಬೆಳೆದಿತ್ತು.

ಅವನು ಆಡನ್ನು ಓಡಿಸಿದ, ಆಡಿನ ಹಿಂದೆ ಕಲ್ಲು ಅಡಗಿದೆಯೋ ಎಂಬಂತೆ. ಗರಿಕೆಯನ್ನು ಕಾಲಿಂದ ಕೆದರಿದ. ಮರವನ್ನು ಒಂದು ಸುತ್ತು ಹಾಕಿದ. ತಾನೇ ಕನಸು ಕಂಡೆನೇ? ಮೂರು ದಿನ ಮೊಣಕಾಲೂರಿದ್ದು ಯಾವ ಊರಿನಲ್ಲಿ? ಹಿಂದೆ ಉಜ್ಜಿನಪ್ಪನವರು ಕೊಡೆ ಬಿಡಿಸಿಕೊಂಡು ನಿಂತಿದ್ದರು. ಅವರು ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ಮುಖದ ಮೇಲೆ ಕನಿಕರ ಬಂದಿತ್ತು. ಹುಚ್ಚರನ್ನು ಕಂಡಾಗ ಬರುವಂಥದು. ಕೊಟ್ರಯ್ಯನಿಗೆ ಆ ಕೊಡೆಯನ್ನು ಕಸಿದು ಕಾಲುವೆಗೆ ಎಸೆಯಬೇಕೆನಿಸಿತು.

"ಮೂಕಣ್ಣಾ! ಏ ಮೂಕಣ್ಣಾ!"

ಮೂಕಣ್ಣ ಗದ್ದೆಯ ಬದುವಿನಿಂದ ಗುದ್ದಲಿ ಹೆಗಲಿಗೇರಿಸಿಕೊಂಡು ಬಂದ. ಈ ಕವಲಿನ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡುವವನು ಅವನು. ಅವನ ಅಪ್ಪನೂ ಅದೇ, ಅಜ್ಜನೂ ಅದೇ. ಬಂದವನು ಮೊದಲು ಉಜ್ಜಿನಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕಲ್ಲೆಲ್ಲಿ?" ಕೊಟ್ರಯ್ಯನ ದನಿ ಕೀರಲಾಗಿತ್ತು.

"ಯಾವ ಕಲ್ರಿ?"

"ಯಾವ ಕಲ್ಲು ಅಂದ್ರೇನಲೇ! ಇಲ್ಲಿದ್ದ ಕಲ್ಲು! ಅಕ್ಷರದ ಕಲ್ಲು!"

"ಇಲ್ಲಿ ಅಂಥ ಕಲ್ಲ ಇಲ್ರಿ ಅಯ್ನೋರ. ಎಂದೂ ಇದ್ದಿಲ್ಲ" ಅಂದ ಮೂಕಣ್ಣ, ಕಣ್ಣು ಪಿಳಕಿಸದೆ. ಅಂದವನೇ ಒಂದು ಹೆಜ್ಜೆ ಹತ್ತಿರ ಬಂದು, ಉಜ್ಜಿನಪ್ಪನವರ ಕಡೆ ಗದ್ದ ತೋರಿಸಿ ಪಿಸುಗುಟ್ಟಿದ: "ಇವರು ನಮ್ಮವರೇನ್ರಿ? ಇವರ ಮುಂದ ಹೇಳಬೌದಾ?"

ಕೊಟ್ರಯ್ಯನಿಗೆ ಆಗ ನೆನಪಾಯಿತು. ಅವತ್ತು ಬಳ್ಳಾರಿಯಿಂದ ಸೀದಾ ಇಲ್ಲಿಗೆ ಬಂದು ತಾನು ಹೇಳಿದ್ದು ಬರೀ ‘ಜೋಪಾನ’ ಅಲ್ಲ. ಇಷ್ಟು ದಿನ ಅದೊಂದೇ ಮಾತನ್ನು ನೆನಪಿಟ್ಟುಕೊಂಡಿದ್ದ. ಯಾರು ಬಂದು ಕೇಳಿದರೂ ಇಲ್ಲಿ ಕಲ್ಲಿಲ್ಲ ಅನ್ನಬೇಕು ಎಂದು ಹೇಳಿದ್ದ. ಸಾಲದ್ದಕ್ಕೆ ವೀಳ್ಯದೆಲೆ ಕೈಗಿಟ್ಟು ಆಣೆ ಮಾಡಿಸಿದ್ದ.

"ಹೇಳು. ನಮ್ಮವರ" ಅಂದ.

ಮೂಕಣ್ಣನ ಮುಖ ಅರಳಿತು. "ಹಂಗ ಅನ್ರಿ ಮತ್ತ! ನೀವು ಆಣಿ ಮಾಡಿಸಿ ಹೋದ ಮ್ಯಾಲ ನನಗ ನಿದ್ದಿ ಹತ್ತಲಿಲ್ರಿ. ಮರದ ಬುಡಕ್ಕ ಇದ್ರ ಕಣ್ಣಿಗೆ ಬೀಳದೇನು? ನಮ್ಮ ಎರ್ರಿಯಪ್ಪನ್ನ, ಇನ್ನ ಮೂರು ಮಂದಿನ್ನ ಕರಕೊಂಡು ಕಲ್ಲನ್ನ ಮಲಗಿಸಿಬಿಟ್ಟೆ. ಅಗಾ, ಅಲ್ಲಿ." ಅವನು ತೋರಿಸಿದ್ದು ಕವಲಿನ ಮೇಲೆ ದಡದಿಂದ ದಡಕ್ಕೆ ಹಾಸಿದ್ದ ಚಪ್ಪಡಿಯನ್ನು. ಮುಖ ಕೆಳಗೆ, ಬೆನ್ನು ಮೇಲೆ. ಬೆನ್ನಿನ ಮೇಲೆ ಒಣಗಿದ ಸಗಣಿ, ಹೆಜ್ಜೆಯ ಕೆಸರು. "ಹೆಣ್ಮಕ್ಕಳಿಗೂ ದಾಟಾಕ ಅನುಕೂಲ ಆತು, ಅಕ್ಷರಾನೂ ಮಳಿ ಬಿಸಲಿಗೆ ಸಿಗದಂಗ ಆತು. ಹೆಂಗೈತ್ರಿ ಉಪಾಯ?"

"ಇಲ್ಲಿಗೆ ಯಾರಾದ್ರೂ ಬಂದಿದ್ರಾ?"

"ಬರಲಾರದ ಏನ್ರಿ! ಕಾರಹುಣ್ಣಿವಿ ಆದ ಮ್ಯಾಲ ಒಬ್ಬರು ಮುದುಕ್ರು ಬಂದಿದ್ರು. ಟೇಸನ್ನಿನಿಂದ ನಡಕೊಂತ ಬಂದಾರ ಪಾಪ, ಗಾಡಿ ಸಿಗಲಿಲ್ಲಂತ. ಒಂದು ಕಾಲು ಎಳೀತಿದ್ರು. ಕೈಯಾಗ ಹಾಳಿ ಹಿಡಕೊಂಡು ಮರ ನೋಡ್ತಾರ, ಹಾಳಿ ನೋಡ್ತಾರ, ತೂಬು ನೋಡ್ತಾರ. ಮಧ್ಯಾಹ್ನತನ ಹುಡುಕಿದ್ರಿ. ನಾ ಅಂಬಲಿ ಕೊಟ್ಟೆ, ಕುಡದ್ರು." ಮೂಕಣ್ಣ ಚಪ್ಪಡಿಯ ಕಡೆ ನೋಡಿ ನಕ್ಕ. "ಆ ಕಲ್ಲಿನ ಮ್ಯಾಲ ನಿಂತಕೊಂಡ ಕೇಳಿದ್ರಿ ಅವರು, ಕಲ್ಲೆಲ್ಲಿ ಐತಪಾ ಅಂತ!"

"ಕನ್ನಡಕ ಹಾಕ್ಕೊಂಡ ಹುಡುಗಲ್ಲೇನು? ಸರಿ ನೋಡಿಯೇನು?"

"ಹುಡುಗ ಎಲ್ಲಿ ಬಂದ್ರಿ, ಹಲ್ಲೆಲ್ಲ ಉದುರಿದ್ವು. ಹೋಗೋಮುಂದ ನನ್ನ ಕೈ ಹಿಡಕೊಂಡು ಅಂದ್ರು: ಯಾರೋ ಬರದಾರಪಾ, ಯಾರಂತ ನನಗೂ ಹೇಳಿಲ್ಲ, ಭಾಳ ಚಲೋ ಬರದಾರ. ಕಲ್ಲೊಂದು ಸಿಕ್ಕಿದ್ರ ನನ್ನ ಜೀವಕ್ಕ ಸಮಾಧಾನ ಆಗ್ತಿತ್ತು, ಅಂದ್ರು. ಹೇಳಿಬಿಡಬೇಕು ಅನಿಸ್ತ್ರಿ. ಆದ್ರೂ ಬಾಯಿ ಬಿಡಲಿಲ್ರಿ. ಆಣಿ ಅಂದ್ರ ಆಣಿ."

ಕಾರ್ಡು! ಮಧ್ಯಾಹ್ನದ ರೈಲಿಗೆ ಹೋಗುತ್ತದೆ. ಈಗ ಹೊತ್ತು ನೆತ್ತಿಗೆ ಬಂದಿತ್ತು. ಎರಡು ಗೆರೆ ಎಳೆದ ಮಾತು ಏನೂ ಅರಿಯದ ಹುಡುಗನೊಬ್ಬನ ಕಡೆಗೆ ಹೊರಡಲಿತ್ತು, ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಕೊಟ್ರಯ್ಯ ಧೋತರ ಎತ್ತಿಕಟ್ಟದೆಯೇ ಕವಲಿಗೆ ಇಳಿದ. ನೀರು ತೊಡೆಗೆ ಬಂತು. ಬಗ್ಗಿ ಚಪ್ಪಡಿಯ ಅಡಿಗೆ ಕೈ ಹಾಕಿದ. ಪಾಚಿ, ಒಂದು ಬಸವನಹುಳು, ಆಮೇಲೆ ಬೆರಳಿಗೆ ಗೆರೆ ಸಿಕ್ಕಿತು. ಸೂರ್ಯ, ಚಂದ್ರ, ಅದರ ಕೆಳಗೆ ಮೊದಲ ಸಾಲು. ಕುರುಡನ ಹಾಗೆ ತಡಕಿದ. ಇತ್ತು. ಎಲ್ಲವೂ ಇತ್ತು. ಖುಷಿಯಾಗಬೇಕಿತ್ತು; ಎದೆಯಲ್ಲಿ ಸಿಟ್ಟು ಮಾತ್ರ ಕುದಿಯಿತು, ಯಾರ ಮೇಲೆ ಚೆಲ್ಲಬೇಕೆಂದು ತಿಳಿಯದ ಸಿಟ್ಟು. ಹಲ್ಲುದುರಿದ ಮುದುಕನೊಬ್ಬ ಕಾಲೆಳೆದುಕೊಂಡು ಇಷ್ಟು ದೂರ ಬಂದಿದ್ದ, ಹೆಸರೂ ಗೊತ್ತಿಲ್ಲದವನ ಒಂದು ಮಾತು ನಿಜವೋ ಸುಳ್ಳೋ ನೋಡಲಿಕ್ಕೆ. ಕೊಟ್ರಯ್ಯ ಅಂಥದೇ ಕೆಲಸಕ್ಕೆ ಕಟ್ಟೆ ಬಿಟ್ಟು ಎದ್ದಿರಲಿಲ್ಲ.

ದಡದ ಮೇಲೆ ಉಜ್ಜಿನಪ್ಪನವರು ಗಟ್ಟಿಯಾಗಿ ಉಸಿರುಬಿಟ್ಟರು. "ಐತಲ್ಲ ಮತ್ತ! ಬಿಡ್ರಿ, ಮುಗೀತು. ಬಂದವರು ಕಣ್ಣು ಮುಚ್ಚಿಕೊಂಡು ಬಂದಿದ್ರು ಅಂತ ಬರೀರಿ. ಕಾಗದ ತರ್ರಿ, ನಾ ಸಹಿ ಹಾಕ್ತೀನಿ."

"ಎತ್ತಿ ತೋರಸ್ತೀನಿ, ತಡೀರಿ."

"ಎತ್ತೋದು ಯಾಕ್ರೀ ಈ ಬಿಸಲಾಗ? ನೀವು ಐತಿ ಅಂದ್ರಲ್ಲ, ಸಾಕು. ನೋಡೀನಿ ಅಂತ ಬರದ್ರಾತು, ಯಾರು ಕೇಳ್ತಾರ?"

"ನೋಡದ ಸಹಿ ಹಾಕಬ್ಯಾಡ್ರಿ!" ಕೊಟ್ರಯ್ಯ ನೀರಿನಲ್ಲಿ ನಿಂತೇ ಅರಚಿದ. "ನೋಡದ ಬರದು, ನೋಡದ ಬರದು, ಹಾಳ ಮಾಡಿಟ್ಟೀರಿ ಎಲ್ಲಾ! ಕೂತಲ್ಲೇ ಕೂತು ಒಬ್ಬನ್ನ ಕಳ್ಳ ಅಂತೀರಿ, ಕೂತಲ್ಲೇ ಕೂತು ಇನ್ನೊಬ್ಬನ್ನ ಸಾಚಾ ಅಂತೀರಿ! ನಿಮಗ ಕಾಲಿಲ್ಲೇನು? ಕಣ್ಣಿಲ್ಲೇನು?" ಉಜ್ಜಿನಪ್ಪನವರು ಕೊಡೆಯ ಹಿಂದಕ್ಕೆ ಸರಿದರು. ತಾವು ಯಾರನ್ನು ಕಳ್ಳ ಅಂದೆವೆಂದು ಅವರಿಗೆ ಅರ್ಥವಾಗಲಿಲ್ಲ.

ಆ ಕೂಗಿಗೆ ಎರ್ರಿಯಪ್ಪನೂ ಇನ್ನಿಬ್ಬರೂ ಗದ್ದೆಯಿಂದ ಬಂದರು. ಕೊಟ್ರಯ್ಯ ಹಾರೆ ತರಲು ಹೇಳಿದ. ಮೂಕಣ್ಣ ಕದಲಲಿಲ್ಲ. ಇಷ್ಟು ಹೊತ್ತಿನ ನಗು ಅವನ ಮುಖದಿಂದ ಹೋಗಿತ್ತು. "ಅಯ್ನೋರ, ಒಂದು ಮಾತು ಹೇಳ್ರಿ. ಆ ಮುದುಕ್ರು ನಿಮ್ಮ ವೈರಿಯಲ್ಲೇನು?"

"ಅಲ್ಲ."

"ಕಳ್ಳರು ಅಂದಿದ್ರಿ. ಬಂದು ಕೇಳಿದವರೆಲ್ಲ ಕಳ್ಳರು ಅಂದಿದ್ರಿ ನೀವು." ಗುದ್ದಲಿಯನ್ನು ಹೆಗಲಿನಿಂದ ಇಳಿಸಿದ. "ಅದರಾಗ ಬರದಿರೋದಾರ ಏನ್ರಿ? ಅದನ್ನಾರ ಹೇಳ್ರಿ."

ಕೊಟ್ರಯ್ಯ ಮದರಾಸಿಗೆ ಹದಿನಾಲ್ಕು ಹಾಳೆ ಬರೆದಿದ್ದ, ಬಳ್ಳಾರಿಯ ಸಭೆಯಲ್ಲಿ ಮಾತಾಡಿದ್ದ, ಈ ಮನುಷ್ಯನಿಗೆ ಒಂದು ಸಾಲು ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೇ ಇರಲಿಲ್ಲ. "ಈ ತೂಬು ಕಾಯೋ ನೀರಗಂಟಿ ಪಾಲನಿಗೆ, ಅವನ ಮಕ್ಕಳು ಮೊಮ್ಮಕ್ಕಳಿಗೆ, ಎರಡು ಗದ್ದೆ ಬಿಟ್ಟುಕೊಟ್ಟೀವಿ ಅಂತ ಐತಿ" ಅಂದ. ದನಿ ಇಳಿದುಹೋಗಿತ್ತು.

"ಪಾಲ" ಅಂದ ಮೂಕಣ್ಣ. "ನಮ್ಮಜ್ಜನ ಹೆಸರು ಪಾಲಪ್ಪರಿ. ಅವರಜ್ಜಂದೂ ಅದಂತ." ಚಪ್ಪಡಿಯನ್ನು ನೋಡಿದ, ಅದರ ಮೇಲಿನ ಸಗಣಿಯನ್ನು ನೋಡಿದ. ಬಗ್ಗಿ ಹೆಗಲ ವಸ್ತ್ರದಿಂದ ಅದನ್ನು ಒರೆಸಿದ, ನಿಧಾನವಾಗಿ, ಅಂಚಿನವರೆಗೆ. ಆಮೇಲೆ ಎದ್ದು ನಿಂತಾಗ ಅವನ ಕಣ್ಣು ಕೆಂಪಾಗಿತ್ತು. "ನಮ್ಮ ಹಿರ್ಯಾರ ಹೆಸರಿನ ಮ್ಯಾಲ ಎಲ್ಲರನ್ನೂ ತುಳಿಸೀನಿ. ಅದರ ಮ್ಯಾಲ ನಿಂತ ಮುದುಕರಿಗೆ ಅಂಬಲಿ ಕೊಟ್ಟು ಸುಳ್ಳು ಹೇಳೀನಿ. ನಿಮ್ಮ ಮಾತಿಗೆ! ಇವತ್ತ ಹಾರಿ ಹಾಕಾಕ ಬಿಡಲ್ರಿ. ಆ ಮುದುಕರನ್ನ ಕರಕೊಂಡು ಬರ್ರಿ. ಅವರ ಮುಂದ ಇಲ್ಲ ಅಂದ ಬಾಯಿಂದಾನ ಐತಿ ಅಂತೀನಿ, ನನ್ನ ಕೈಯಾರ ಎತ್ತಿ ತೋರಸ್ತೀನಿ. ಅವರ ಹೆಸರೇನು? ಯಾವೂರು?"

"ಗೊತ್ತಿಲ್ಲ."

"ಏನಂದ್ರಿ?"

"ಹೆಸರು ಹೇಳೂದಿಲ್ಲ ಮೂಕಣ್ಣ. ಅದು ಅಲ್ಲಿಯ ಕ್ರಮ. ಅವರಿಗೆ ನಾನ್ಯಾರಂತ ಗೊತ್ತಿಲ್ಲ, ನನಗ ಅವರ್ಯಾರಂತ ಗೊತ್ತಿಲ್ಲ."

"ಥೂ! ಎಂಥಾ ಕ್ರಮರಿ ಅದು" ಅಂದ ಮೂಕಣ್ಣ. "ಹೆಸರು ಗೊತ್ತಿಲ್ಲ ಅಂದ್ರ ತಪ್ಪಾತಂತ ಯಾರಿಗೆ ಹೇಳ್ತೀರಿ?" ಗುದ್ದಲಿ ಎತ್ತಿಕೊಂಡು ಗದ್ದೆಯ ಕಡೆ ಹೊರಟ. ಉಳಿದವರೂ ಅವನ ಹಿಂದೆ ಹೋದರು. ಹಾರೆ ಯಾರೂ ತರಲಿಲ್ಲ.

ಜಟಕಾ ಆಚೆ ದಡದಲ್ಲಿತ್ತು. ಉಜ್ಜಿನಪ್ಪನವರು ಚಪ್ಪಡಿಯ ಮೇಲೆ ದಾಟಿದರು. ಕೊಟ್ರಯ್ಯನಿಗೆ ಅದರ ಮೇಲೆ ಕಾಲಿಡಲಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಗದ್ದೆಯಿಂದ ಎಲ್ಲರೂ ನೋಡುತ್ತಿದ್ದಂತೆ ನೀರಿನಲ್ಲಿ ಹಾದು ಹೋದ. ಗಾಡಿಯಲ್ಲಿ ಕೂತ ಮೇಲೆ ಜೇಬಿನಿಂದ ಆ ಮೂರು ಹಾಳೆ ತೆಗೆದ. ಅಂಚು ನೆನೆದಿತ್ತು. ಕೊನೆಯ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ, ಗಾಡಿ ಕುಲುಕಿದಂತೆ ಅಕ್ಷರ ಕುಲುಕುತ್ತ, ಸಂಪಾದಕರಿಗೆ ಬರೆಯಲು ತೊಡಗಿದ. ‘ಪರಿಶೀಲಕರು ಬರೆದದ್ದು ನಿಜ. ಅವರು ಬಂದ ದಿನ ಅಲ್ಲಿ ಕಲ್ಲು ಕಾಣುವಂತಿರಲಿಲ್ಲ. ಕಾಣದಂತೆ ಮಾಡಿಸಿದವನು ನಾನೇ. ಅವರನ್ನು ಇನ್ನೊಮ್ಮೆ ಕಳಿಸಿರಿ. ಗಾಡಿ ನಾನು ತರುತ್ತೇನೆ.’ ಇಷ್ಟು ಸರಾಗವಾಗಿ ಬಂತು. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಇನ್ನೊಂದನ್ನು ಯಾರೂ ಕೇಳಿರಲಿಲ್ಲ. "ಏನ್ ಬರೀತೀರ್ರಿ ಇನ್ನೂ?" ಎಂದು ಉಜ್ಜಿನಪ್ಪನವರು ಗೊಣಗಿದರು. ಹೊಸಪೇಟೆಯ ಮನೆಗಳು ಕಾಣುವವರೆಗೂ ಪೆನ್ಸಿಲು ಹಾಳೆಯ ಮೇಲೆ ಒಂದೇ ಕಡೆ ಊರಿಕೊಂಡಿತ್ತು. ರೈಲು ಬಳ್ಳಾರಿಯ ಕಡೆ ಕೂಗುತ್ತ ಹೋಯಿತು, ಅವನ ಕಾರ್ಡನ್ನು ಹೊತ್ತುಕೊಂಡು. ಆಮೇಲೆ ಅವನು ಹಲ್ಲು ಕಚ್ಚಿ, ಕಾಗದ ಹರಿಯುವ ಹಾಗೆ ಒತ್ತಿ ಬರೆದ: ‘ನಾಲ್ಕು ವರ್ಷದ ಹಿಂದೆ ಕಂಪ್ಲಿಯ ಬಾಗಿಲಿನ ಲೇಖನವನ್ನು ಬೇಡವೆಂದವನೂ ನಾನೇ. ಅದನ್ನು ಬರೆದವರಿಗೆ ನನ್ನ ಹೆಸರು ತಿಳಿಸಿರಿ. ಅವರು ಸ್ಥಳ ನೋಡಿದ್ದರು. ನಾನು ನೋಡಿರಲಿಲ್ಲ.’